ಟವಲ್ ಹಾಕಿದ ಸೀಟು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಅಂತ ಮನೆಯಲ್ಲೂ ಹೇಳುತ್ತಾರೆ, ಕಚೇರಿಯಲ್ಲೂ ಹೇಳುತ್ತಾರೆ. ಇಲ್ಲ ಅನ್ನುವುದಿಲ್ಲ. ಆ ಕೋಪದಿಂದ ಒಬ್ಬ ಮನುಷ್ಯನಿಗೆ ಏನಾಯಿತು ಅನ್ನುವುದನ್ನು ಮಾತ್ರ ಇದುವರೆಗೆ ಯಾರಿಗೂ ಪೂರ್ತಿಯಾಗಿ ಹೇಳಿಲ್ಲ. ಮನೆಯವರಿಗೆ ಅರ್ಧ ಗೊತ್ತು. ಉಳಿದ ಅರ್ಧವನ್ನು ಈಗ ಬರೆಯುತ್ತಿದ್ದೇನೆ.

ಕೆ.ಆರ್.ಪೇಟೆಯಿಂದ ಶ್ರೀರಂಗಪಟ್ಟಣಕ್ಕೆ ನಾನು ಹನ್ನೊಂದು ವರ್ಷ ಬಸ್ಸಿನಲ್ಲಿ ಓಡಾಡಿದವಳು. ಅಲ್ಲಿ ಒಂದು ಕಚೇರಿಯಲ್ಲಿ ಗುಮಾಸ್ತೆ. ಹತ್ತೂವರೆಯೊಳಗೆ ಯಂತ್ರಕ್ಕೆ ಹೆಬ್ಬೆರಳು ಒತ್ತದಿದ್ದರೆ ಅರ್ಧ ದಿನದ ರಜೆ ಹೋಯಿತು ಅಂತಲೇ ಲೆಕ್ಕ. ಅದಕ್ಕೆ ಎಂಟು ಗಂಟೆಗೆ ಹೊರಡುವ ಖಾಸಗಿ ಬಸ್ಸು ಹಿಡಿಯುತ್ತಿದ್ದೆ. ಒಂಬತ್ತಕ್ಕೆ ಪಾಂಡವಪುರ, ಒಂಬತ್ತೂಮುಕ್ಕಾಲರೊಳಗೆ ಶ್ರೀರಂಗಪಟ್ಟಣ. ದಿನವೂ ಅದೇ ಬಸ್ಸು, ಅದೇ ಮುಖಗಳು. ಬಾಗಿಲ ಕಡೆ ಮೂರನೇ ಸಾಲಿನ ಕಿಟಕಿ ಪಕ್ಕ ನನ್ನ ಸೀಟು. ಅದನ್ನು ಯಾರೂ ನನಗೆ ಬರೆದುಕೊಟ್ಟಿರಲಿಲ್ಲ, ಆದರೆ ಅಲ್ಲಿ ಬೇರೆಯವರು ಕೂತಿದ್ದರೆ ನಾನು ಹತ್ತಿದ ಕೂಡಲೇ ಏಳುತ್ತಿದ್ದರು. ಏಳದೆ ಇದ್ದವರು ಒಂದು ಸಲ ನನ್ನ ಬಾಯಿಗೆ ಸಿಕ್ಕಿ ಎರಡನೇ ಸಲಕ್ಕೆ ಏಳುತ್ತಿದ್ದರು.

ಈ ವ್ಯವಸ್ಥೆಯೆಲ್ಲ ಕುಲಗೆಡುತ್ತಿದ್ದದ್ದು ಪಾಂಡವಪುರದ ಕ್ರೀಡಾಂಗಣದಲ್ಲಿ ಕಬಡ್ಡಿ ಇದ್ದ ದಿನ. ವರ್ಷಕ್ಕೆ ಮೂರೋ ನಾಲ್ಕೋ ಪಂದ್ಯಾವಳಿ ನಡೆಯುತ್ತಿದ್ದವು. ಶುಕ್ರವಾರ ಶುರುವಾಗಿ ಭಾನುವಾರ ಮುಗಿಯುತ್ತಿತ್ತು. ಆಟದ ಮೇಲೆ ನನಗೇನೂ ದ್ವೇಷವಿಲ್ಲ. ನನ್ನ ತವರು ನಾಗಮಂಗಲ ತಾಲ್ಲೂಕಿನ ಹೊಣಕೆರೆ ಕಡೆ. ಅಣ್ಣ ಒಳ್ಳೆಯ ರೈಡರ್ ಆಗಿದ್ದ, ಮುಂದಿನ ಎರಡು ಹಲ್ಲನ್ನು ಕಬಡ್ಡಿ ಅಂಕಣದಲ್ಲೇ ಬಿಟ್ಟು ಬಂದವನು. ಅವನು ಗೆದ್ದು ತಂದ ಸ್ಟೀಲು ಬಿಂದಿಗೆಯಲ್ಲಿ ನಮ್ಮ ಮನೆಯವರು ಎಷ್ಟೋ ವರ್ಷ ನೀರು ತುಂಬಿದರು. ಆದರೆ ರಸ್ತೆಯ ಪಕ್ಕದ ಕ್ರೀಡಾಂಗಣ ಅನ್ನುವುದು ಬೇರೆಯೇ ಸಂಗತಿ. ಒಳಗೆ ಆಡುವವರು ಏಳೇಳು ಜನ, ಹೊರಗೆ ಒದ್ದಾಡುವವರು ಇಡೀ ತಾಲ್ಲೂಕು.

ಬೆಳಗ್ಗೆ ಎಂಟೂವರೆಗೇ ಗೇಟಿನ ಎರಡೂ ಕಡೆ ಬೈಕುಗಳು ರಸ್ತೆಯ ಮೇಲೇ ನಿಲ್ಲುತ್ತಿದ್ದವು. ಶೀಳನೆರೆ ಕಡೆಯಿಂದ ಒಂದು ಟೆಂಪೋ, ನಾಗಮಂಗಲದ ಕಡೆಯಿಂದ ಇನ್ನೊಂದು ಬಂದು, ಇಳಿಯುವವರು ನಡುರಸ್ತೆಯಲ್ಲೇ ಇಳಿಯುತ್ತಿದ್ದರು. ಕಬ್ಬು ಅರೆಯುವ ಕಾಲವಾದರೆ ಕಾರ್ಖಾನೆಗೆ ಹೋಗುವ ಟ್ರಾಕ್ಟರುಗಳು ಎರಡೆರಡು ಟ್ರೈಲರು ಎಳೆದುಕೊಂಡು ಇದರೊಳಗೇ ಬಂದು ಸಿಕ್ಕಿಕೊಳ್ಳುತ್ತಿದ್ದವು. ನಿಂತ ಟ್ರಾಕ್ಟರಿನಿಂದ ಒಂದು ಜಲ್ಲೆ ಕಿತ್ತುಕೊಳ್ಳದೆ ಸುಮ್ಮನೆ ಹೋಗುವ ಗಂಡಸು ನಮ್ಮ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ಇದರ ಮೇಲೆ ಮುಖ್ಯ ಅತಿಥಿಗಳ ಕಾರು ಬಂತೋ, ಮುಗಿಯಿತು. ಕಾರಿನ ಬಾಗಿಲಲ್ಲೇ ಹಾರ, ಶಾಲು, ಪಟಾಕಿ. ಅವರು ಎಲ್ಲರಿಗೂ ಕೈ ಮುಗಿದು ಒಳಗೆ ಹೋಗುವವರೆಗೆ ಬಸ್ಸು, ಲಾರಿ, ಶಾಲೆಯ ವ್ಯಾನು ಎಲ್ಲವೂ ಕೈ ಕಟ್ಟಿ ನಿಲ್ಲಬೇಕು.

ದಿನಾ ಓಡಾಡುವವರು ನಮ್ಮ ನಮ್ಮ ಉಪಾಯ ಕಂಡುಕೊಂಡಿದ್ದೆವು. ಕೆಲವರು ಪಂದ್ಯದ ದಿನ ಒಂದು ಗಂಟೆ ಮೊದಲೇ ಮನೆ ಬಿಡುತ್ತಿದ್ದರು. ಕೆಲವರು ಈಚೆ ಇಳಿದು, ಜನರ ನಡುವೆ ನಡೆದು ದಾಟಿ, ಆಚೆ ನಿಂತ ಬೇರೆ ಬಸ್ಸು ಹತ್ತುತ್ತಿದ್ದರು. ನಾಲೆಯ ಏರಿಯ ಮೇಲೆ ಒಂದು ಸುತ್ತುದಾರಿಯೂ ಇತ್ತು. ಡ್ರೈವರು ಒಂದೇ ಒಂದು ಸಲ ಆ ಕಡೆಗೆ ತಿರುಗಿಸಿದಾಗ ಬಸ್ಸಿನಲ್ಲಿದ್ದವರೆಲ್ಲ ಎದ್ದು ನಿಂತು ಬೇಡ ಅಂದರು. ಏರಿಯಿಂದ ಉರುಳಿದ ಗಾಡಿಗಳನ್ನು ನುಂಗಿ ನಾಲೆಯ ನೀರು ಎಷ್ಟು ಮನೆಗಳ ದೀಪ ಆರಿಸಿದೆ ಅನ್ನುವುದು ನಮ್ಮ ಕಡೆಯವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಅವನು ಬಸ್ಸನ್ನು ಹಿಂದಕ್ಕೆ ತೆಗೆದುಕೊಂಡ.

ಆ ಕ್ರೀಡಾಂಗಣದ ನಿಲ್ದಾಣದಲ್ಲಿ ವಾರಕ್ಕೆ ಮೂರು ದಿನ ನಮ್ಮ ಬಸ್ಸು ಹತ್ತುತ್ತಿದ್ದವರು ಕುಶನ್ ಭಾಯಿ. ಅರವತ್ತು ದಾಟಿದ ಸಾಬರು. ಅಲ್ಲೇ ಹತ್ತಿರ ಒಂದು ಶೆಡ್ಡಿನಲ್ಲಿ ಬಸ್ಸು, ಆಟೋ, ಜೀಪುಗಳ ಸೀಟಿಗೆ ಕುಶನ್ ಹೊಲಿಯುತ್ತಿದ್ದವರು. ಎಲ್ಲರೂ ಹಾಗೆಯೇ ಕರೆಯುತ್ತಿದ್ದರು, ನಾನೂ ಹಾಗೆಯೇ ಕರೆದೆ. ನಾವು ಕೂರುತ್ತಿದ್ದ ಬಸ್ಸಿನ ಸೀಟುಗಳೂ ಅವರ ಕೈಯಿಂದಲೇ ಆದವು. ಹರಿದ ಕಡೆ ಬೆರಳಾಡಿಸಿ, ಬಟ್ಟೆ ಚೆನ್ನಾಗಿಲ್ಲ, ಓನರು ಅಗ್ಗದ್ದು ತಂದುಕೊಟ್ಟ ಅಂತ ಬೇಸರ ಮಾಡಿಕೊಳ್ಳುತ್ತಿದ್ದರು. ಅವರ ಕಿಡ್ನಿ ಎರಡೂ ಕೆಲಸ ನಿಲ್ಲಿಸಿದ ಮೇಲೆ ಶೆಡ್ಡನ್ನು ಬೇರೆಯವರಿಗೆ ಬಿಟ್ಟುಕೊಟ್ಟು ಡಯಾಲಿಸಿಸ್‌ಗೆ ಓಡಾಡುತ್ತಿದ್ದರು. ಅವರಿಗೆ ಮಿಷನ್ ಸಿಕ್ಕಿದ್ದು ಶ್ರೀರಂಗಪಟ್ಟಣದ ಕಡೆಯ ಒಂದು ಆಸ್ಪತ್ರೆಯಲ್ಲಿ. ಸೋಮವಾರ, ಬುಧವಾರ, ಶುಕ್ರವಾರ, ಬೆಳಗ್ಗೆ ಹತ್ತು ಗಂಟೆಗೆ. ಶುಕ್ರವಾರದ ಜುಮ್ಮಾ ನಮಾಜು ತಪ್ಪಿ ಎಷ್ಟೋ ಕಾಲವಾಯಿತು ಅಂತ ಒಂದು ದಿನ ಹೇಳಿದ್ದರು. ಅದನ್ನು ಹೇಳುವಾಗ ಮಾತ್ರ ಅವರ ದನಿ ಇಳಿದಿತ್ತು.

ಹತ್ತು ಗಂಟೆ ಅಂದರೆ ಹತ್ತು ಗಂಟೆ. ಒಬ್ಬರಿಗೆ ನಾಲ್ಕು ಗಂಟೆ ಹೊತ್ತು ಹಿಡಿಯುತ್ತದೆ, ದಿನಕ್ಕೆ ಇಷ್ಟೇ ಜನ ಅಂತ ಇರುತ್ತದೆ. ಹತ್ತೂವರೆಯವರೆಗೆ ಕಾಯುತ್ತಾರೆ, ಆಮೇಲೆ ಹೊರಗೆ ಕೂತು ಕಾದಿರುವವರನ್ನು ಒಳಗೆ ಕರೆಯುತ್ತಾರೆ. ಅದರಲ್ಲಿ ತಪ್ಪೂ ಇಲ್ಲ. ಒಂದು ದಿನ ತಪ್ಪಿದರೆ ಭಾಯಿಯ ಮೈಯ ನೀರು ಮೈಯಲ್ಲೇ ಉಳಿಯುತ್ತಿತ್ತು. ಮುಖ ಬಾತು, ಕಾಲು ಬಾತು, ಆಮೇಲೆ ಉಸಿರು ಕಟ್ಟುತ್ತಿತ್ತು. ಅವರ ಎಡಗೈಯಲ್ಲಿ ಸೂಜಿ ಚುಚ್ಚುವುದಕ್ಕೆಂದು ಆಪರೇಷನ್ ಮಾಡಿದ್ದ ನರ ದಪ್ಪಗೆ ಉಬ್ಬಿಕೊಂಡಿತ್ತು. ಅದರ ಮೇಲೆ ಪೆಟ್ಟು ಬೀಳಬಾರದು, ಯಾರೂ ಒತ್ತಬಾರದು. ಹಾಗಾಗಿ ಅವರು ನುಗ್ಗಾಡಿಕೊಂಡು ಬಸ್ಸು ಹತ್ತುವಂತಿರಲಿಲ್ಲ. ವಾರಕ್ಕೆ ಮೂರು ದಿನ ಆಟೋದಲ್ಲಿ ಹೋಗಿಬರುವುದು ಅವರ ಕೈಗೆ ಎಟುಕದ ಮಾತು. ಮಗ ಲಾರಿಯ ಮೇಲೆ ಊರೂರು ಸುತ್ತುವವನು, ಸೊಸೆಗೆ ಮನೆ ತುಂಬ ಚಿಕ್ಕ ಮಕ್ಕಳು.

ಇಲ್ಲಿ ನಮ್ಮ ಟವಲ್ ಪದ್ಧತಿಯ ವಿಷಯ ಹೇಳಬೇಕು. ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಒಂದು ಟವಲ್ ಸೀಟಿನ ಮೇಲೆ ಬಿತ್ತು ಅಂದರೆ ಆ ಸೀಟಿಗೆ ಆಳು ಬಂದು ಕೂತಂತೆಯೇ. ಟವಲಿನವನು ಆಮೇಲೆ ನಿಧಾನವಾಗಿ, ಬೀಡಿ ಎಸೆದು, ಕೆಮ್ಮಿಕೊಂಡು ಹತ್ತಬಹುದು. ಕೋರ್ಟಿನ ಆರ್ಡರಿಗೆ ತಲೆ ಕೆಡಿಸಿಕೊಳ್ಳದವರೂ ಟವಲಿಗೆ ಬೆಲೆ ಕೊಡುತ್ತಾರೆ. ಭಾಯಿಯ ಕೈಯಲ್ಲಿ ಯಾವಾಗಲೂ ಒಂದು ಚೌಕಳಿಯ ಟವಲ್ ಇರುತ್ತಿತ್ತು. ಬಸ್ಸು ನಿಂತ ಕೂಡಲೇ ಅವರು ಅದನ್ನು ನನ್ನ ಕಿಟಕಿಗೆ ಕೊಡುವುದು, ನಾನು ಅದನ್ನು ನನ್ನ ಮುಂದಿನ ಸೀಟಿನ ಮೇಲೆ ಹರಡುವುದು, ನೂಕುನುಗ್ಗಲು ಇಳಿದ ಮೇಲೆ ಅವರು ಕೊನೆಯವರಾಗಿ ಹತ್ತಿ ಬಂದು ಕೂರುವುದು. ಕಂಡಕ್ಟರು ಹಿಂದಿನ ಬಾಗಿಲಿಂದಲೇ, ಭಾಯಿ ಟವಲ್ ಬಿತ್ತಾ ಅಂತ ಕೇಳುತ್ತಿದ್ದ. ಬಿತ್ತು ಅನ್ನುತ್ತಿದ್ದೆ. ಅವನು ಸೀಟಿಯೂದುತ್ತಿದ್ದ. ಮೂರು ವರ್ಷ ಹೀಗೆ ನಡೆಯಿತು, ಒಂದು ದಿನವೂ ತಪ್ಪಲಿಲ್ಲ. ಟವಲ್ ಇದ್ದಲ್ಲಿ ಭಾಯಿ ಇದ್ದೇ ಇರುತ್ತಾರೆ ಅಂತ ನಮ್ಮ ಮೂವರ ತಲೆಯಲ್ಲೂ ಕೂತುಬಿಟ್ಟಿತ್ತು.

ಆ ಶುಕ್ರವಾರ ಪಂದ್ಯಾವಳಿಯ ಮೊದಲ ದಿನ. ಕಬ್ಬಿನ ಕಾಲ ಬೇರೆ. ಕೆ.ಆರ್.ಪೇಟೆಯಲ್ಲೇ ಬಸ್ಸು ಆಟ ನೋಡುವವರಿಂದ ತುಂಬಿತ್ತು. ಪಾಂಡವಪುರದ ಹೊರಗೆ ಟ್ರಾಕ್ಟರುಗಳ ಸಾಲಿನ ಹಿಂದೆ ಕೂತು ಕೂತು, ಕ್ರೀಡಾಂಗಣದ ಹತ್ತಿರ ಬರುವಾಗ ಒಂಬತ್ತೂವರೆ ಆಗಿತ್ತು. ಮೊದಲಿನ ಎರಡು ಬಸ್ಸುಗಳು ಬೇರೆ ದಾರಿಯಲ್ಲಿ ಹೋಗಿದ್ದವಂತೆ. ಅವುಗಳಿಗೆ ಕಾದಿದ್ದವರೆಲ್ಲ ನಮ್ಮ ಬಸ್ಸಿಗೆ ಮುಗಿಬಿದ್ದರು. ಇಳಿಯುವವರು ಇಳಿಯುವ ಮೊದಲೇ ಹತ್ತುವವರು ನುಗ್ಗಿದರು. ಭಾಯಿ ಹೇಗೋ ನನ್ನ ಕಿಟಕಿಯ ಕೆಳಗೆ ಬಂದು ಟವಲ್ ಎತ್ತಿ ಕೊಟ್ಟರು. ಅವತ್ತು ಅವರ ಕಣ್ಣಿನ ಕೆಳಗೆ ಬಾತಿತ್ತು. ನಾನು ಬಗ್ಗಿ ಮುಂದಿನ ಸೀಟಿಗೆ ಟವಲ್ ಹಾಸಿದೆ.

ಹಾಸಿ ಕೈ ತೆಗೆಯುವಷ್ಟರಲ್ಲಿ ಒಬ್ಬ ಗಂಡಸು ಬಂದು ಅದರ ಮೇಲೇ ಕೂತ. ಹೆಚ್ಚುಕಡಿಮೆ ನನ್ನದೇ ವಯಸ್ಸು, ಇಸ್ತ್ರಿ ಮಾಡಿದ ಬಿಳಿ ಅಂಗಿ. ಒಂದು ಮಂಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ. ಆಸ್ಪತ್ರೆಗೆ ಹೋಗುವ ಸಾಬರ ಟವಲ್ ಇದು, ಕಾಣುವುದಿಲ್ಲವೇ ಅಂತ ಕೇಳಿದೆ. ಕಾಣುತ್ತದೆ, ಆಳು ಕಾಣುವುದಿಲ್ಲ ಅಂದ. ಅಷ್ಟೇ ಸಾಕಾಯಿತು ನನಗೆ. ಏನೇನು ಅಂದೆ ಅನ್ನುವುದನ್ನು ಇಲ್ಲಿ ಬರೆಯಲು ನಾಚಿಕೆ. ಅವನ ಬಿಳಿ ಅಂಗಿಯನ್ನೂ ಬಿಡಲಿಲ್ಲ, ಅವನ ಹೆತ್ತವರು ಕಲಿಸಿದ ಬುದ್ಧಿಯನ್ನೂ ಬಿಡಲಿಲ್ಲ. ಸುತ್ತ ಇದ್ದವರು ನಗುತ್ತಿದ್ದರು. ನಗು ಕೇಳಿ ನನಗೆ ಇನ್ನೂ ಹುರುಪು ಬಂತು. ನಿಜ ಹೇಳಬೇಕೆಂದರೆ ಅವನು ನ್ಯಾಯವಾದ ಮಾತನ್ನೇ ಆಡಿದ್ದ.

"ಅವ್ರು ಬರಗಂಟ ಕೂತಿರ್ತೀನಿ ಕಣಕ್ಕ, ಬಂದೇಟ್ಗೆ ಎದ್ಬುಡ್ತೀನಿ. ಮಂಡಿ ನೋವು ನಂಗೆ" ಅಂದ.

ನಾನು ಒಪ್ಪಲಿಲ್ಲ. ಹಾಗೆ ಕೂತವರು ಯಾರೂ ಎದ್ದದ್ದನ್ನು ನಾನು ಕಂಡಿಲ್ಲ ಅಂದೆ. ಕೊನೆಗೆ ಅವನು ಎದ್ದ. ಕಂಬಿ ಹಿಡಿದು, ಒಂದು ಕಾಲಿನ ಮೇಲೆ ಭಾರ ಹಾಕಿ ನಿಂತ. ನಾನು ಟವಲನ್ನು ಕೊಡವಿ, ಸುಕ್ಕು ಬಿಡಿಸಿ ಮತ್ತೆ ಹಾಸಿದೆ. ಗೆದ್ದೆ ಅನ್ನಿಸಿತ್ತು. ಈ ಜಗಳದ ನಡುವೆ ಕಂಡಕ್ಟರು ಎಂದಿನ ಪ್ರಶ್ನೆ ಕೇಳಿದ್ದಾನೆ, ಬಿತ್ತು ಅಂತ ನಾನೇ ಕೂಗಿದ್ದೇನೆ. ಹೊರಗೆ ಪೊಲೀಸಿನವನು ಬಸ್ಸಿನ ಮೈ ತಟ್ಟಿ ಹೊರಡು ಹೊರಡು ಅಂತ ಅವಸರಿಸುತ್ತಿದ್ದನಂತೆ. ಸೀಟಿ ಊದಿದ್ದೂ ಬಸ್ಸು ಹೊರಟಿದ್ದೂ ನನ್ನ ಕಿವಿಗೆ ಬಿದ್ದಿರಬೇಕು, ಮನಸ್ಸಿಗೆ ಹೋಗಲಿಲ್ಲ. ಬಸ್ಸು ಗುಂಪು ದಾಟಿ, ರೈಲ್ವೆ ಸ್ಟೇಷನ್ ಕಡೆಯ ದಾರಿ ಹಿಡಿದು, ಗಾಳಿ ಬೀಸುವಷ್ಟು ಜೋರಾಗಿ ಓಡುತ್ತಿತ್ತು. ಆಗ ಆ ಬಿಳಿ ಅಂಗಿಯವನೇ ಬಗ್ಗಿ ಕೇಳಿದ.

"ಅಕ್ಕ, ಎಲ್ಲಿ ನಿಮ್ಮ ಸಾಬ್ರು?"

ನಾನು ಮುಂದಿನ ಸೀಟು ನೋಡಿದೆ. ಹಿಂದೆ ನೋಡಿದೆ. ನಿಂತವರ ನಡುವೆ ನೋಡಿದೆ. ನಿಲ್ಲಿಸಿ ಅಂತ ಕಿರುಚಿಕೊಂಡೆ. ಕಂಡಕ್ಟರು ಜನರ ನಡುವಿನಿಂದ ತೂರಿಕೊಂಡು ಬಂದ. ಸೀಟಿನ ಮೇಲೆ ಬರೀ ಟವಲ್ ಇದ್ದದ್ದನ್ನು ನೋಡಿದ.

"ಟವಲ್ ಇತ್ತಲ್ಲಕ್ಕ" ಅಂದ. "ಅತ್ಕಂಡವ್ರೆ ಅಂದ್ಕಂಡೆ."

ಅವನನ್ನು ಬೈಯುವುದಕ್ಕೆ ನನಗೆ ಯಾವ ಮುಖವಿತ್ತು? ಬಸ್ಸು ಹಿಂದಕ್ಕೆ ತಿರುಗುವ ಮಾತೇ ಇರಲಿಲ್ಲ. ನಾನು ಇಳಿದೆ. ಟವಲ್ ಕೈಯಲ್ಲಿ ಹಿಡಿದು ಬಂದ ದಾರಿಯಲ್ಲೇ ವಾಪಸು ನಡೆದೆ. ಎದುರಿಗೆ ಬೈಕುಗಳು, ಟ್ರಾಕ್ಟರುಗಳು, ಒಂದಿಂಚೂ ಸರಿಯದ ಕಾರುಗಳು. ಆ ಕಡೆ ಹೋಗುವ ಒಂದು ಆಟೋ ಇಲ್ಲ. ಸೀರೆಯ ನೆರಿಗೆ ಎತ್ತಿ ಹಿಡಿದುಕೊಂಡು ಓಡಿದೆ, ಉಸಿರು ಸಿಕ್ಕದೆ ನಡೆದೆ, ಮತ್ತೆ ಓಡಿದೆ. ಕ್ರೀಡಾಂಗಣದ ಮುಂದೆ ಬಂದಾಗ ಹತ್ತಕ್ಕೆ ಐದೋ ಹತ್ತೋ ನಿಮಿಷವಿತ್ತು. ನಿಲ್ದಾಣದಲ್ಲಿ ಭಾಯಿ ಇರಲಿಲ್ಲ.

ಅಲ್ಲಿದ್ದವರನ್ನು ಕೇಳಿದೆ. ಯಾರೂ ನೋಡಿರಲಿಲ್ಲ, ಇಲ್ಲ ನೋಡಿದ್ದರೂ ಗುರುತಿರಲಿಲ್ಲ. ಒಳಗೆ ಶಾಮಿಯಾನದ ಕೆಳಗೆ ಮೈಕು ಹಿಡಿದವನೊಬ್ಬ ಆಟದ ವರದಿ ಹೇಳುತ್ತಿದ್ದ. ಅವನ ಹತ್ತಿರ ಹೋಗಿ, ಒಬ್ಬರನ್ನು ಕೂಗಿಸಬೇಕಾಗಿದೆ, ಆಸ್ಪತ್ರೆಗೆ ಹೋಗಬೇಕಾದವರು ಅಂದೆ. ಒಳ್ಳೆಯವನೇ. ಮೈಕನ್ನು ಅಂಗೈಯಿಂದ ಮುಚ್ಚಿ ಕೇಳಿದ.

"ಎಸ್ರು ಏಳಿ ಅಕ್ಕ."

ನನಗೆ ಅವರ ಹೆಸರು ಗೊತ್ತಿರಲಿಲ್ಲ. ಮೂರು ವರ್ಷ. ಅವರು ದಿನಕ್ಕೆ ಎಷ್ಟು ಲೋಟ ನೀರು ಕುಡಿಯಬಹುದು ಅನ್ನುವುದು ಗೊತ್ತಿತ್ತು. ಯಾವ ಕೈಗೆ ಸೂಜಿ ಹಾಕುತ್ತಾರೆ, ಮೊಮ್ಮಗಳು ಯಾವ ತರಗತಿ, ಎಲ್ಲ ಗೊತ್ತಿತ್ತು. ಹೆಸರು ಕೇಳಿರಲಿಲ್ಲ. ಫೋನ್ ನಂಬರೂ ಇಸಿದುಕೊಂಡಿರಲಿಲ್ಲ. ಬಸ್ಸಿನ ಪರಿಚಯಕ್ಕೆ ಅದೆಲ್ಲ ಯಾಕೆ ಅನ್ನಿಸಿತ್ತೋ ಏನೋ. ಕುಶನ್ ಭಾಯಿ ಅಂತ ಹೇಳಿ ಅಂದೆ. ಅವನು ನನ್ನ ಕೈಯಲ್ಲಿದ್ದ ಟವಲ್ ನೋಡಿದ, ಏನೋ ಅರ್ಥ ಮಾಡಿಕೊಂಡ. ಟವಲ್ ಕಳೆದುಕೊಂಡಿರುವಂತಹ ಕುಶನ್ ಭಾಯಿಯವರು ಎಲ್ಲಿದ್ದರೂ ಕೂಡಲೇ ವೇದಿಕೆಯ ಬಳಿ ಬಂದು ಟವಲನ್ನು ಪಡೆದುಕೊಳ್ಳಬೇಕಾಗಿ ವಿನಂತಿ ಅಂತ ಎರಡು ಸಲ ಕೂಗಿಬಿಟ್ಟ. ಜನ ಹೋ ಅಂತ ನಕ್ಕರು. ಹಾಗಲ್ಲ ಅಂತ ಹೇಳುವುದಕ್ಕೆ ಬಾಯಿ ತೆರೆದೆ, ಅಳು ಬಂದುಬಿಟ್ಟಿತು. ಅವನು ಗಾಬರಿಯಾಗಿ ತನ್ನ ನೀರಿನ ಬಾಟಲಿ ಕೊಟ್ಟ.

ಭಾಯಿಯ ಹಳೆಯ ಶೆಡ್ಡಿನ ಪಕ್ಕದ ಪಂಕ್ಚರ್ ಅಂಗಡಿಯವನಿಂದ ವಿಷಯ ತಿಳಿಯಿತು. ಬಸ್ಸು ಹೋದ ಮೇಲೆ ಯಾರೋ, ಉಳಿದ ಬಸ್ಸುಗಳೆಲ್ಲ ಬೇರೆ ರಸ್ತೆಯಲ್ಲಿ ಹೋಗುತ್ತವೆ, ಆ ತಿರುವಿನಲ್ಲಿ ನಿಲ್ಲಿ ಅಂತ ಹೇಳಿದರಂತೆ. ಬಾತ ಕಾಲಿನಲ್ಲಿ ಅಷ್ಟು ದೂರ ನಡೆದುಕೊಂಡೇ ಹೋಗಿದ್ದರು. ನಾನು ಒಂದು ರಸ್ತೆಯಲ್ಲಿ ಓಡಿ ಬರುವಾಗ ಅವರು ಇನ್ನೊಂದು ರಸ್ತೆಯಲ್ಲಿ ನಡೆದು ಹೋಗುತ್ತಿದ್ದರು. ನಾನು ಸಂದಿಗೊಂದಿ ದಾಟಿ ಆ ತಿರುವಿಗೆ ಬರುವಷ್ಟರಲ್ಲಿ ಅವರು ಬಸ್ಸು ಹಿಡಿದು ಹೊರಟುಹೋಗಿದ್ದರು. ಕಬ್ಬಿನ ಹಾಲಿನ ಅಂಗಡಿಯವಳು, ಬಾಳ ಹೊತ್ತು ಇಲ್ಲೇ ಕೂತಿದ್ದರು, ನೀರು ಕೊಟ್ಟರೆ ಬೇಡ ಅಂದರು ಅಂತ ಹೇಳಿದಳು.

ಆಸ್ಪತ್ರೆ ತಲುಪಿದಾಗ ಹನ್ನೊಂದೂವರೆ. ಅವರು ಡಯಾಲಿಸಿಸ್ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತಿದ್ದರು. ಚಪ್ಪಲಿ ಕಳಚಿದ್ದರು, ಕಾಲು ಚಪ್ಪಲಿಗಿಂತ ದೊಡ್ಡದಾಗಿತ್ತು. ನನ್ನನ್ನು ಕಂಡವರೇ, ನೀನು ಯಾಕಮ್ಮ ಬಂದೆ, ಆಫೀಸಿಗೆ ತಡ ಆಯ್ತಲ್ಲ ಅಂದರು. ನನಗೆ ಆ ಮಾತು ಕೇಳುವ ತಾಳ್ಮೆ ಇರಲಿಲ್ಲ. ಬಾಗಿಲು ತಳ್ಳಿ ಒಳಗೆ ಹೋದೆ. ಅಲ್ಲಿದ್ದ ಸಿಸ್ಟರ್ ಹತ್ತಿರ, ಇವರನ್ನು ಹೊರಗೆ ಕೂರಿಸಿದ್ದೀರಲ್ಲ, ನಿಮಗೆ ಕಣ್ಣಿಲ್ಲವೇ ಅಂತ ಶುರು ಮಾಡಿದೆ. ಆಕೆ ಎದ್ದು ಬಂದಳು. ನನ್ನ ಮೊಣಕೈ ಹಿಡಿದು ಒಂದು ಹಾಸಿಗೆಯ ಹತ್ತಿರ ಕರೆದುಕೊಂಡು ಹೋದಳು. ನನ್ನ ತಾಯಿಯ ವಯಸ್ಸಿನ ಹೆಂಗಸೊಬ್ಬಳು ಮಲಗಿದ್ದಳು. ಅವಳ ರಕ್ತ ಕೊಳವೆಯಲ್ಲಿ ಹೊರಗೆ ಬಂದು, ಮಿಷನ್ನಿನಲ್ಲಿ ಸುತ್ತಿ, ಮತ್ತೆ ಅವಳ ಕೈಗೆ ಹೋಗುತ್ತಿತ್ತು. ಕಣ್ಣು ಮುಚ್ಚಿಕೊಂಡಿದ್ದಳು.

"ಹತ್ತೂ ಮುಕ್ಕಾಲ್‌ಗಂಟ ಕಾದ್ವಿ" ಅಂದಳು ಸಿಸ್ಟರ್. "ಈಗ ಆಯಮ್ಮನ್ನ ಎಬ್ಬಿಸ್ಲಾ, ಹೇಳಿ."

ನಾನು ಸುಮ್ಮನೆ ಹೊರಗೆ ಬಂದೆ. ನನ್ನ ಜೀವಮಾನದಲ್ಲಿ ಅಷ್ಟು ಸುಮ್ಮನೆ ಯಾವ ಬಾಗಿಲಿನಿಂದಲೂ ಹೊರಗೆ ಬಂದಿಲ್ಲ.

ಮರುದಿನ ಬೆಳಗ್ಗೆ ಮೊದಲು ನಿಮ್ಮನ್ನೇ ತೆಗೆದುಕೊಳ್ಳುತ್ತೇವೆ, ಅಲ್ಲಿಯವರೆಗೆ ನೀರು ಮುಟ್ಟಬೇಡಿ, ಉಸಿರಾಟ ಕಷ್ಟವಾದರೆ ತಕ್ಷಣ ಬನ್ನಿ ಅಂತ ಅವರಿಗೆ ಹೇಳಿ ಕಳಿಸಿದರು. ನಾನು ಆಟೋ ಮಾಡಿ ಮನೆಯವರೆಗೆ ಬಿಟ್ಟು ಬಂದೆ. ದಾರಿಯುದ್ದಕ್ಕೂ ನಾನು ತಪ್ಪಾಯಿತು ಅನ್ನುವುದು, ಅವರು ಏನಾಯ್ತೀಗ ಅನ್ನುವುದು. ಕ್ರೀಡಾಂಗಣದ ಮುಂದೆ ಮತ್ತೆ ಅರ್ಧ ಗಂಟೆ ನಿಂತೆವು. ಒಳಗೆ ಯಾರೋ ಗೆದ್ದರು, ತಮಟೆ ಬಡಿದರು. ಭಾಯಿ ಸೀಟಿಗೆ ತಲೆ ಆನಿಸಿ ಕಣ್ಣು ಮುಚ್ಚಿಕೊಂಡರು. ಅವರು ಬಾಯಿಂದ ಉಸಿರಾಡುತ್ತಿದ್ದದ್ದನ್ನು ನಾನು ಆಗ ಗಮನಿಸಿದೆ.

ಮರುದಿನದ ಬೆಳಗಿನವರೆಗೂ ಅವರು ತಡೆಯಲಿಲ್ಲ. ಬೆಳಗಾಗುವ ಮೊದಲೇ ಉಸಿರು ಕಟ್ಟಿ ಮೈಸೂರಿನ ದೊಡ್ಡಾಸ್ಪತ್ರೆಗೆ ಒಯ್ದರು. ಎದೆಯಲ್ಲಿ ನೀರು ತುಂಬಿತ್ತಂತೆ. ಹನ್ನೊಂದು ದಿನ ಅಲ್ಲಿದ್ದರು. ಆ ಹನ್ನೊಂದು ದಿನ ನಾನು ಮನೆಯಲ್ಲಿ ಅಡುಗೆ ಮಾಡಿದೆ, ಬಸ್ಸು ಹತ್ತಿದೆ, ಕಚೇರಿಯಲ್ಲಿ ಫೈಲು ನೋಡಿದೆ. ಎಲ್ಲದರ ನಡುವೆಯೂ ಆ ಮನುಷ್ಯ ಸತ್ತುಹೋದರೆ ಅನ್ನುವ ಯೋಚನೆ ಬಿಟ್ಟು ಬೇರೆ ಇರಲಿಲ್ಲ. ನನ್ನ ಮುಂದಿನ ಸೀಟಿನಲ್ಲಿ ಯಾರು ಕೂತರೂ ನಾನು ಮಾತಾಡಲಿಲ್ಲ. ಆ ಬಿಳಿ ಅಂಗಿಯವನು ಮತ್ತೊಮ್ಮೆ ಸಿಕ್ಕಿದರೆ ಕ್ಷಮೆ ಕೇಳಬೇಕು ಅಂತಲೂ ಇತ್ತು. ಅವನು ಸಿಕ್ಕಲಿಲ್ಲ.

ಅವರು ಮನೆಗೆ ಬಂದರು ಅಂತ ಪಂಕ್ಚರ್ ಅಂಗಡಿಯವನು ಹೇಳಿದ ದಿನವೇ ಸಂಜೆ ಹೋದೆ. ಸಣ್ಣ ಮನೆ, ಬಾಗಿಲಿಗೆ ಹಸಿರು ಪರದೆ. ಮಂಚದ ಮೇಲೆ ಒರಗಿ ಕೂತಿದ್ದರು. ಬಾವು ಇಳಿದು, ಮುಖದ ಮೂಳೆ ಎದ್ದು, ಬೇರೆ ಯಾರೋ ಅನ್ನುವ ಹಾಗೆ ಕಾಣುತ್ತಿದ್ದರು. ಸೊಸೆ ನನಗೆ ಟೀ ತಂದುಕೊಟ್ಟಳು. ಅವರಿಗೆ ಕೊಡಲಿಲ್ಲ, ಅವರ ಆ ದಿನದ ಅಳತೆ ಮುಗಿದಿತ್ತು. ನಾನು ಕುಡಿಯದೆ ಲೋಟ ಹಿಡಿದುಕೊಂಡೇ ಕೂತೆ. ಕುಡಿ ಮಾ, ಆರಿ ಹೋಗ್ತದೆ ಅಂದರು. ಕುಡಿದೆ. ಅವತ್ತು ಅವರ ಹೆಸರು ಕೇಳಿ ತಿಳಿದುಕೊಂಡೆ. ಸೊಸೆಯ ಫೋನ್ ನಂಬರು ಬರೆದುಕೊಂಡೆ.

ಆಮೇಲೆ ಧೈರ್ಯ ಮಾಡಿ ಕೇಳಿದೆ. ಅವತ್ತು ಬಸ್ಸು ಹೊರಟಾಗ ನೀವು ಎಲ್ಲಿದ್ದಿರಿ, ಯಾಕೆ ಕೂಗಲಿಲ್ಲ ಅಂತ.

"ನಿನ್ನ ಕಿಟಕಿ ಕೆಳಗೇ ಇದ್ದೆ ಮಾ" ಅಂದರು. "ಕೂಗಿದೆ. ನೀನು ಅವರ ಜೊತೆ ಮಾತಾಡ್ತಾ ಇದ್ದೆ."

ಅಷ್ಟು ಹತ್ತಿರ. ಕೈ ಚಾಚಿದ್ದರೆ ತಲೆ ಮುಟ್ಟುವಷ್ಟು. ನಾನು ಜಗಳ ಅನ್ನಬೇಕಾದದ್ದನ್ನು ಅವರು ಮಾತು ಅಂದರು. ನಾನು ತಲೆ ಬಗ್ಗಿಸಿ ಅತ್ತೆ. ಅವರು ಸಮಾಧಾನ ಮಾಡಲಿಲ್ಲ, ಅಳುವುದು ಮುಗಿಯಲಿ ಅಂತ ಕಾದರು. ನಾನು ಮುಖ ಒರೆಸಿಕೊಂಡ ಮೇಲೆ, ಇನ್ನು ಮುಂದೆ ನಿಮ್ಮ ಸೀಟು ನನ್ನ ಜವಾಬ್ದಾರಿ ಅಂತ ಏನೋ ಹೇಳಲು ಹೋದೆ. ಅವರು ಬಲಗೈ ಎತ್ತಿ ತಡೆದರು.

"ಸೀಟ್ ಬ್ಯಾಡ ಮಾ. ನಿಂತ್ಕಂಡೇ ಬರ್ತೀನಿ. ನನ್ನ ಹತ್ತಿಸ್ಕೊ, ಅಷ್ಟು ಸಾಕು."

ಎರಡು ತಿಂಗಳ ಮೇಲೆ ಮತ್ತೆ ಪಂದ್ಯಾವಳಿ ಬಂತು. ಶುಕ್ರವಾರ ಬೆಳಗ್ಗೆ ಬಸ್ಸು ಪಾಂಡವಪುರ ಮುಟ್ಟುವ ಮೊದಲೇ ನಾನು ನನ್ನ ಸೀಟು ಬಿಟ್ಟೆದ್ದು ಬಾಗಿಲ ಹತ್ತಿರ ಬಂದು ನಿಂತೆ. ಎದ್ದ ಕೂಡಲೇ ಅಲ್ಲಿ ಬೇರೆಯವರು ಕೂತರು. ಬಸ್ಸು ನಿಂತಾಗ ಎಲ್ಲರಿಗಿಂತ ಮೊದಲು ಇಳಿದೆ. ಭಾಯಿ ಪಂಕ್ಚರ್ ಅಂಗಡಿಯ ಮುಂದೆ, ಎಡಗೈಯನ್ನು ಎದೆಗೆ ಅವುಚಿಕೊಂಡು ನಿಂತಿದ್ದರು. ಟವಲ್ ಕೊಡಲು ಬಂದರು, ಬೇಡ ಅಂದೆ. ಅವರ ಬಲಗೈ ಹಿಡಿದುಕೊಂಡೆ. ಪರಪುರುಷನ ಕೈ ನಡುರಸ್ತೆಯಲ್ಲಿ ಹೀಗೆ ಹಿಡಿದದ್ದು ಅದೇ ಮೊದಲು. ನಾಲ್ಕು ಜನ ನೋಡಿದರು, ನೋಡಲಿ ಅನ್ನಿಸಿತು. ಕಂಡಕ್ಟರು ಈ ಸಲ ಏನೂ ಕೇಳಲಿಲ್ಲ. ಇಳಿದು ಬಂದು ಬಾಗಿಲಲ್ಲಿ ಎರಡೂ ಕೈ ಅಡ್ಡ ಇಟ್ಟು ನುಗ್ಗುವವರನ್ನು ತಡೆದ. ಭಾಯಿ ಒಂದೊಂದೇ ಮೆಟ್ಟಿಲು ಹತ್ತಿದರು, ಹಿಂದೆ ನಾನು ಹತ್ತಿದೆ.

ಒಳಗೆ ಒಂದು ಸೀಟೂ ಖಾಲಿ ಇರಲಿಲ್ಲ. ಅವರು ಕಂಬಿ ಹಿಡಿದು ನಿಂತರು. ಆ ಎಡಗೈಗೆ ಯಾರೂ ತಗುಲದ ಹಾಗೆ ನಾನು ಅವರ ಎಡಕ್ಕೆ ನಿಂತೆ. ಬ್ರೇಕು ಹಾಕಿದಾಗಲೆಲ್ಲ ಜನರ ಭಾರ ನನ್ನ ಬೆನ್ನ ಮೇಲೆ ಬೀಳುತ್ತಿತ್ತು. ಯಾರಾದರೂ ಏಳುತ್ತಾರೇನೋ ಅಂತ ಒಂದೆರಡು ಮುಖ ನೋಡಿದೆ. ಬಾಯಿಯವರೆಗೆ ಬಂದ ಮಾತನ್ನು ನುಂಗಿಕೊಂಡೆ. ಬೆಳಗ್ಗೆ ನಾಲ್ಕಕ್ಕೆ ಎದ್ದು ಹಾಲು ಕರೆದು ಬಂದವರಿರಬಹುದು, ಮಂಡಿ ನೋವಿನವರಿರಬಹುದು. ಶ್ರೀರಂಗಪಟ್ಟಣದವರೆಗೆ ಯಾರೂ ಏಳಲಿಲ್ಲ, ನಾನೂ ಯಾರನ್ನೂ ಕೇಳಲಿಲ್ಲ. ಹತ್ತೂ ಇಪ್ಪತ್ತಕ್ಕೆ ಸಿಸ್ಟರ್ ಅವರನ್ನು ಒಳಗೆ ಕರೆದುಕೊಂಡಳು.

ಅದಾದ ಮೇಲೆ ಭಾಯಿ ಇನ್ನೂ ಮೂರು ಪಂದ್ಯಾವಳಿಗಳವರೆಗೆ ಬದುಕಿದ್ದರು. ಮೂರರಲ್ಲೂ ಕೈ ಹಿಡಿದು ಹತ್ತಿಸಿದೆ. ಮೂರರಲ್ಲೂ ಇಬ್ಬರೂ ನಿಂತೇ ಹೋದೆವು.